ಎರಿ ಮಣ್ಣಿನ ಜೊತೆ ಎಂ.ಟೆಕ್: ಮಣ್ಣು ಹೇಳಿದಷ್ಟು ದಿನ ಕಾಯಬೇಕು

ಹೋದ ವಾರ ವೈವಾ ಮುಗಿಯಿತು. ಜಿಯೋಟೆಕ್ನಿಕಲ್ ಎಂಜಿನಿಯರಿಂಗ್‌ನಲ್ಲಿ, ಅಂದರೆ ಮಣ್ಣು ಮತ್ತು ಅಡಿಪಾಯದ ವಿಷಯದಲ್ಲಿ ಎಂ.ಟೆಕ್, ಬಾಗಲಕೋಟೆಯಲ್ಲಿ ಇದ್ದುಕೊಂಡು. ಬಿಇ ಆದ ಮೇಲೆ ವಿಜಯಪುರದಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ಸೈಟ್ ಎಂಜಿನಿಯರ್ ಆಗಿದ್ದೆ. ಅಲ್ಲಿ ಹೊಸ ಮನೆಗಳ ಗೋಡೆ ಎರಡನೇ ಮಳೆಗಾಲಕ್ಕೇ ಬಿರುಕು ಬಿಡುವುದನ್ನು ನೋಡಿ ನೋಡಿ, ಈ ಎರಿ ಮಣ್ಣನ್ನು, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣನ್ನು ಒಮ್ಮೆ ಸರಿಯಾಗಿ ಓದಬೇಕು ಅಂತ ಹೊರಟವಳು ನಾನು. ಅಡ್ವಾನ್ಸ್ಡ್ ಸಾಯಿಲ್ ಮೆಕ್ಯಾನಿಕ್ಸ್, ಫೌಂಡೇಶನ್ ಎಂಜಿನಿಯರಿಂಗ್ ಅಂದಕೂಡಲೇ ಎಲ್ಲರೂ ಗಣಿತಕ್ಕೆ ಹೆದರುತ್ತಾರೆ. ಗಣಿತ ಕೂತರೆ ಬರುತ್ತೆ. ನಿಜವಾಗಿ ತಲೆ ತಿನ್ನುವುದು ದಿನಗಳ ಲೆಕ್ಕ. ಮುಂದೆ ಬರುವವರಿಗೆ ಅದನ್ನೇ ಹೇಳೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಸೀಟು. ನಮ್ಮ ಕಡೆ ಎರಡು ದಾರಿ, ದೇಶಮಟ್ಟದ ಗೇಟ್ ಪರೀಕ್ಷೆ ಅಥವಾ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ. ಎರಡನ್ನೂ ಬರೆಯಿರಿ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತೆ, ಅದಿದ್ದರೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಕೊಡುತ್ತೆ. ಬರೀ ಪಿಜಿಸಿಇಟಿ ಮೇಲೆ ಬಂದರೆ ಅದು ಸಿಗಲ್ಲ. ಎರಡು ವರ್ಷ ಸಂಬಳ ಬಿಟ್ಟು ಕೂರುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಇನ್ನೊಂದು ಮಾತು. ಜಿಯೋಟೆಕ್‌ಗೆ ಬರುವವರೇ ಕಡಿಮೆ, ಸ್ಟ್ರಕ್ಚರ್ಸ್ ಕಡೆಗೇ ಎಲ್ಲರ ಓಟ. ಪಟ್ಟಿಯಲ್ಲಿ ಕೋರ್ಸ್ ಇರುತ್ತೆ, ಹುಡುಗರು ಬರದಿದ್ದರೆ ಆ ವರ್ಷ ಬ್ಯಾಚೇ ನಡೆಯದೆ ಇರಬಹುದು. ಆಪ್ಷನ್ ತುಂಬುವ ಮೊದಲು ವಿಭಾಗಕ್ಕೆ ಫೋನ್ ಮಾಡಿ, 'ಈ ವರ್ಷ ಬ್ಯಾಚ್ ನಡೆಸ್ತೀರೇನ್ರಿ, ಟ್ರೈಯಾಕ್ಸಿಯಲ್ ಮಷೀನು ನಡೀತದೇನ್ರಿ' ಅಂತ ಎರಡೂ ಕೇಳಿಬಿಡಿ. ಟ್ರೈಯಾಕ್ಸಿಯಲ್ ಅಂದರೆ ಮಣ್ಣನ್ನು ಸುತ್ತಲೂ ಒತ್ತಿ ಹಿಡಿದು, ಮೇಲಿಂದ ಭಾರ ಹಾಕಿ ಅದರ ಬಲ ಅಳೆಯುವ ಮಷೀನು. ಎರಡನೇ ಪ್ರಶ್ನೆ ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಕಾಗದಪತ್ರ ಅಂದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಬಿಇ ಎಲ್ಲ ಸೆಮಿಸ್ಟರಿನದು, ಡಿಗ್ರಿ ಅಥವಾ ಪ್ರೊವಿಜನಲ್, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ. ಅದರ ಮೇಲಿನ ಆರ್‌ಡಿ ನಂಬರ್ ಅರ್ಜಿಯಲ್ಲಿ ಹಾಕಬೇಕು, ಅವಧಿ ಮುಗಿದಿದೆಯಾ ಮೊದಲೇ ನೋಡಿಕೊಳ್ಳಿ. ವಿಜಯಪುರ, ಬಾಗಲಕೋಟೆ, ಬೆಳಗಾವಿಯವರು 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಕಾಲಂ ನೋಡಿ ಆಸೆ ಪಡಬೇಡಿ, ಅದು ನಮಗಿಲ್ಲ. ಪಕ್ಕದ ಯಾದಗಿರಿ, ಕಲಬುರಗಿಗೆ ಇದೆ. ನಮ್ಮ ಊರಿಂದ ಸ್ವಲ್ಪ ಆ ಕಡೆ ಹೋದರೆ ಅದೇ ಎರಿ ಹೊಲ, ಅದೇ ಜೋಳ, ಆದರೆ ಮೀಸಲಾತಿ ಬೇರೆ!

ಹೆಸರಿನ ತಕರಾರು ನಮ್ಮ ಭಾಗದವರಿಗೆ ಜಾಸ್ತಿ. ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ಮಾರ್ಕ್ಸ್ ಕಾರ್ಡಿನಲ್ಲಿ ಮೊದಲಿಗೆ, ಗೇಟ್ ಅರ್ಜಿಯಲ್ಲಿ ಅಪ್ಪನ ಹೆಸರು ನಡುವೆ. ಅಡ್ಮಿಶನ್‌ಗೆ ಇದು ಅಡ್ಡ ಬರಲಿಲ್ಲ, ಸ್ಕಾಲರ್‌ಶಿಪ್‌ಗೆ ಬಂತು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಅದಕ್ಕೇ ಎಲ್ಲ ಕಾಗದ ಮುಂದೆ ಇಟ್ಟುಕೊಂಡು, ಯಾವುದನ್ನು ತಿದ್ದಬೇಕು ಅಂತ ತೀರ್ಮಾನ ಮಾಡಿಯೇ ಹೋಗಿ. ಬ್ಯಾಂಕ್ ಖಾತೆ ನಿಮ್ಮೊಬ್ಬರ ಹೆಸರಿನ ಮಾಮೂಲಿ ಉಳಿತಾಯ ಖಾತೆ ಆಗಿರಲಿ. ಅಪ್ಪನ ಜೊತೆಗಿನ ಜಂಟಿ ಖಾತೆ ನಡೆಯಲ್ಲ.

ನವನಗರದಲ್ಲಿ ರೂಮು ಹಿಡಿದೆ, ಮೂರು ಮಂದಿ ಹಂಚಿಕೊಂಡು. ಊಟಕ್ಕೆ ಖಾನಾವಳಿ ಡಬ್ಬಿ. ಇಡೀ ನವನಗರವೇ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರಿಗಾಗಿ ಕಟ್ಟಿದ್ದು. ಮಣ್ಣು ಓದುವವರಿಗೆ ಇಲ್ಲಿ ಸಂಜೆ ವಾಕಿಂಗ್ ಕೂಡ ಪಾಠವೇ, ಯಾವ ಕಾಂಪೌಂಡ್ ಗೋಡೆ ಎಲ್ಲಿ ಯಾವ ಓರೆಯಲ್ಲಿ ಸೀಳಿದೆ ಅಂತ ನೋಡುತ್ತಾ ಹೋಗುವ ಚಟ ಅಲ್ಲೇ ಅಂಟಿದ್ದು.

ಮೊದಲ ಸೆಮಿಸ್ಟರಿನ ಅಡ್ವಾನ್ಸ್ಡ್ ಸಾಯಿಲ್ ಮೆಕ್ಯಾನಿಕ್ಸ್ ಶುರುವಾಗುವುದು ಈ ಶಾಸ್ತ್ರದ ಮೂಲಪುರುಷ ಟೆರ್ಜಾಗಿಯಿಂದ. ಮಣ್ಣಿನ ಮೇಲೆ ಬಿದ್ದ ಒಟ್ಟು ಒತ್ತಡದಲ್ಲಿ ರಂಧ್ರದ ನೀರು ಹೊರುವಷ್ಟನ್ನು ಕಳೆದರೆ ಉಳಿಯುವುದೇ ಎಫೆಕ್ಟಿವ್ ಸ್ಟ್ರೆಸ್. ಮಣ್ಣಿನ ಬಲ, ಕುಸಿತ ಎರಡೂ ಅದರ ಮೇಲೇ ನಿಂತಿವೆ. ಬಿಇಯಲ್ಲಿ ಒಂದು ಸಾಲಿನ ಸೂತ್ರ ಅಂತ ಬಾಯಿಪಾಠ ಮಾಡಿದ್ದು, ಇಲ್ಲಿ ಇಡೀ ಸೆಮಿಸ್ಟರ್ ಅದರ ಸುತ್ತಲೇ ತಿರುಗುತ್ತೆ. ಹೊಸಬರು ಎಡವುವುದು ಸ್ಟ್ರೆಸ್ ಪಾತ್‌ನಲ್ಲಿ, ಅಂದರೆ ಭಾರ ಏರಿದಂತೆ ಒತ್ತಡ ಬದಲಾಗುವುದನ್ನು ಪಿ, ಕ್ಯೂ ಅನ್ನೋ ಎರಡು ಅಳತೆಗಳಲ್ಲಿ ತೋರಿಸುವ ಗೆರೆಯಲ್ಲಿ. ಒಂದು ಪುಸ್ತಕ ಎಂಐಟಿ ಪದ್ಧತಿಯಲ್ಲಿ ಪಿ ಅಂದರೆ ದೊಡ್ಡ ಮತ್ತು ಸಣ್ಣ ಒತ್ತಡಗಳ ಸರಾಸರಿ, ಕ್ಯೂ ಅಂದರೆ ಅವುಗಳ ವ್ಯತ್ಯಾಸದ ಅರ್ಧ ಅನ್ನುತ್ತೆ. ಇನ್ನೊಂದು ಪುಸ್ತಕ ಕೇಂಬ್ರಿಡ್ಜ್ ಪದ್ಧತಿಯಲ್ಲಿ ಪಿ ಅಂದರೆ ಮೂರೂ ದಿಕ್ಕಿನ ಸರಾಸರಿ, ಕ್ಯೂ ಅಂದರೆ ಪೂರ್ತಿ ವ್ಯತ್ಯಾಸ ಅನ್ನುತ್ತೆ. ಅದೇ ಡ್ರೈನ್ಡ್ (ನೀರು ಹೊರಹೋಗಲು ಬಿಟ್ಟ) ಟ್ರೈಯಾಕ್ಸಿಯಲ್ ಪರೀಕ್ಷೆಯ ಗೆರೆ ಮೊದಲನೆಯದರಲ್ಲಿ 45 ಡಿಗ್ರಿಗೆ ಏರಿದರೆ, ಎರಡನೆಯದರಲ್ಲಿ ಒಂದಕ್ಕೆ ಮೂರರಂತೆ ಏರುತ್ತೆ. ಎರಡೂ ಸರಿ! ಉತ್ತರ ಪತ್ರಿಕೆಯ ಮೊದಲ ಸಾಲಿನಲ್ಲೇ ಯಾವ ಪದ್ಧತಿ ಬಳಸಿದ್ದೀರಿ ಅಂತ ಬರೆಯಿರಿ. ಮಣ್ಣು ಒತ್ತಡ ಬದಲಾಗದೆ ಸರಿಯುತ್ತಲೇ ಹೋಗುವ ಕ್ರಿಟಿಕಲ್ ಸ್ಟೇಟ್ ಪಾಠ ಕೇಂಬ್ರಿಡ್ಜ್ ಪದ್ಧತಿಯಲ್ಲೇ ನಡೆಯುತ್ತೆ. ಅದರಲ್ಲಿ ಬರುವ ಎಂ, ಅಂದರೆ ಆ ಸ್ಥಿತಿಯಲ್ಲಿ ಕ್ಯೂವನ್ನು ಪಿಯಿಂದ ಭಾಗಿಸಿದ್ದು, ಫೈ (ಮಣ್ಣಿನ ಘರ್ಷಣೆಯ ಕೋನ) 30 ಡಿಗ್ರಿ ಇದ್ದರೆ 1.2 ಬರಬೇಕು. ನಿಮ್ಮ ಸೂತ್ರ ಸರಿ ಇದೆಯಾ ಅಂತ ನೋಡಲು ಆ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು.

ಕನ್ಸಾಲಿಡೇಶನ್, ಅಂದರೆ ಭಾರಕ್ಕೆ ನೀರು ಹಿಂಡಿಹೋಗಿ ಮಣ್ಣು ನಿಧಾನಕ್ಕೆ ಕುಸಿಯುವ ಪಾಠದಲ್ಲಿ ಒಂದು ಲೆಕ್ಕ ನನ್ನನ್ನು ಹಿಡಿದು ಕೂರಿಸಿತು. ಲ್ಯಾಬಿನ ಸ್ಯಾಂಪಲ್ 20 ಮಿ.ಮೀ. ದಪ್ಪ. ಮೇಲೂ ಕೆಳಗೂ ನೀರು ಹೋಗುವುದರಿಂದ ನೀರಿನ ದಾರಿ 10 ಮಿ.ಮೀ. ಅಷ್ಟೇ. ಅದು ತನ್ನ ಒಟ್ಟು ಕುಸಿತದ 90 ಪರ್ಸೆಂಟ್ ಮುಗಿಸಲು 10 ನಿಮಿಷ ತಗೊಂಡಿತು ಅಂದುಕೊಳ್ಳಿ. ಸೈಟಿನಲ್ಲಿ ಅದೇ ಮಣ್ಣು 4 ಮೀಟರ್ ಇದ್ದು, ಅಲ್ಲೂ ಮೇಲೆ ಕೆಳಗೆ ನೀರು ಹೋದರೆ ನೀರಿನ ದಾರಿ 2 ಮೀಟರ್, ಅಂದರೆ 200 ಪಟ್ಟು. ಸಮಯ ಬೆಳೆಯುವುದು ದಾರಿಯ ವರ್ಗಕ್ಕೆ ತಕ್ಕಂತೆ, ಅಂದರೆ 40,000 ಪಟ್ಟು. ಲೆಕ್ಕ ಹಾಕಿದರೆ ಸುಮಾರು ಒಂಬತ್ತು ತಿಂಗಳು! ಗುತ್ತಿಗೆದಾರರ ಹತ್ತಿರ ಇದ್ದಾಗ ಇದನ್ನು ಯಾರಿಗೆ ಹೇಳಿದ್ದರೂ 'ಏನ್ ಮೇಡಂ, ಸುಮ್ನೆ ಸ್ಲ್ಯಾಬ್ ಹಾಕ್ಸ್ರಿ' ಅಂತಿದ್ದರು.

ಇನ್ನು ಲ್ಯಾಬು. ಇಲ್ಲಿಂದಲೇ ಕಾಯುವ ಕೆಲಸ ಶುರು. ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಖನಿಜ ಇರುತ್ತೆ, ನೀರು ಕುಡಿದು ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಉಬ್ಬುವಿಕೆ ತೋರಿಸಲು ಫ್ರೀ ಸ್ವೆಲ್ ಪರೀಕ್ಷೆ ಇದೆ, ಭಾರತೀಯ ಮಾನದಂಡ ಐಎಸ್ 2720ರ 40ನೇ ಭಾಗ. 425 ಮೈಕ್ರಾನ್ ಜರಡಿ ಹಿಡಿದ 10 ಗ್ರಾಂ ಮಣ್ಣು ಒಂದು ಜಾರಿಗೆ, ಅದಕ್ಕೆ ಡಿಸ್ಟಿಲ್ಡ್ ನೀರು. ಇನ್ನೊಂದು 10 ಗ್ರಾಂ ಇನ್ನೊಂದು ಜಾರಿಗೆ, ಅದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ, ಅದಕ್ಕೇ ಹೋಲಿಸಲು ಅದು. ಈಗ ಹೇಳಿ, ಸೀಮೆಎಣ್ಣೆ ಎಲ್ಲಿ ಸಿಗುತ್ತೆ? ರೇಷನ್ ಅಂಗಡಿಯಲ್ಲಿ ಕೇಳಿದರೆ ನಕ್ಕರು. ಪೇಟೆಯಲ್ಲಿ ಕೇಳಿದಲ್ಲೆಲ್ಲ 'ಚಿಮಣಿ ಎಣ್ಣಿ ಯಾರ್ ಇಡ್ತಾರ ಈಗ' ಅಂದರು. ಕೊನೆಗೆ ಊರಲ್ಲಿ ನಮ್ಮ ಅತ್ತಿ, ಕರೆಂಟ್ ಹೋದಾಗ ಬೇಕಾಗುತ್ತೆ ಅಂತ ಅಟ್ಟದ ಮೇಲೆ ಎಂದೋ ಎತ್ತಿಟ್ಟಿದ್ದ ಅರ್ಧ ಬಾಟಲಿ ಕೊಟ್ಟರು, ಮುಚ್ಚಳಕ್ಕೆ ಅರಿವೆ ಚೂರು ಸುತ್ತಿ. ಮರುದಿನ ನೋಡಿದರೆ ಎಣ್ಣೆಯ ಜಾರಿನಲ್ಲಿ ಮಣ್ಣು ತಳದಲ್ಲಿ ಸಣ್ಣಗೆ ಕೂತಿತ್ತು. ನೀರಿನ ಜಾರಿನಲ್ಲಿ ಅದೇ ಮಣ್ಣು ಗಾಜಿಗೆ ಅಂಟಿ, ಮೆತ್ತಗೆ ಬೂದು ಬಣ್ಣಕ್ಕೆ ತಿರುಗಿ, ಅದರ ದುಪ್ಪಟ್ಟು ದಾಟಿ ಮೇಲೆ ಬಂದಿತ್ತು. ಸೈಟಿನಲ್ಲಿ ನೋಡಿದ ಎಲ್ಲ ಬಿರುಕುಗಳ ಕಾರಣ ಆ ಎರಡು ಜಾರಿನಲ್ಲೇ ಇತ್ತು.

ಕನ್ಸಾಲಿಡೇಶನ್ ಅಳೆಯುವ ಈಡೋಮೀಟರ್ ಹೆಚ್ಚು ತಾಳ್ಮೆ ಕೇಳುತ್ತೆ. ಒಂದೊಂದು ಭಾರ ಹಾಕಿದ ಮೇಲೂ 24 ಗಂಟೆ ಬಿಡಬೇಕು. ಮೊದಲ ದಿನದ ರೀಡಿಂಗ್‌ಗಳು ಕಾಲು ನಿಮಿಷ, ಒಂದು, ಎರಡೂಕಾಲು, ನಾಲ್ಕು, ಆರೂಕಾಲು, ಒಂಬತ್ತು ನಿಮಿಷ ಹೀಗೆ ಹೋಗುತ್ತವೆ. ವರ್ಗಮೂಲದ ಗ್ರಾಫ್ ಹಾಕಲು ಅನುಕೂಲ ಆಗಲಿ ಅಂತ ಹೀಗೆ. ಆ ಹೊತ್ತಿನಲ್ಲಿ ಫೋನ್ ಬಂದರೂ ಎತ್ತಬೇಡಿ. ಭಾರ ಏರಿಸಿ ಇಳಿಸಿ ಒಂದು ಸ್ಯಾಂಪಲ್ ಮುಗಿಯಲು ಹತ್ತಿರ ಹತ್ತಿರ ಎರಡು ವಾರ. ಎರಿ ಮಣ್ಣಾದರೆ ಮೊದಲು ಅದು ಉಬ್ಬಿ ನಿಲ್ಲುವವರೆಗೂ ಕಾಯಬೇಕು, ಆಮೇಲೆ ಭಾರ. ಡಯಲ್ ಮುಳ್ಳು ನಿಂತಿತು ಅಂದುಕೊಂಡು ಮನೆಗೆ ಹೋದರೆ ಬೆಳಗ್ಗೆ ಮತ್ತೆ ಎರಡು ಗೆರೆ ಸರಿದಿರುತ್ತೆ. 24 ಗಂಟೆ ಅಂದರೆ ಭಾನುವಾರವೂ ಸೇರಿ. ಲ್ಯಾಬ್ ಬೀಗದ ಕೈ ಯಾರ ಹತ್ತಿರ ಇರುತ್ತೋ ಅವರ ಜೊತೆ ಮೊದಲ ವಾರದಲ್ಲೇ ಪರಿಚಯ ಬೆಳೆಸಿಕೊಳ್ಳಿ. ನಮ್ಮ ಲ್ಯಾಬಿನ ಕಾಕಾ ಹಬ್ಬದ ದಿನವೂ ಬಂದು ಬಾಗಿಲು ತೆಗೆದಿದ್ದಾರೆ, 'ಲಗೂನ ಬರಕೊಂಡು ನಡಿ ಬೇ, ಮನ್ಯಾಗ ಹೋಳಿಗಿ ಕಾಯಾಕತ್ತಾವ' ಅಂತ ಬೈಯುತ್ತಲೇ.

ಟ್ರೈಯಾಕ್ಸಿಯಲ್ ಕತೆ ಬೇರೆ. 38 ಮಿ.ಮೀ. ವ್ಯಾಸ, 76 ಮಿ.ಮೀ. ಎತ್ತರದ ಮಣ್ಣಿನ ಉರುಳೆ, ಅದಕ್ಕೆ ರಬ್ಬರ್ ಮೆಂಬ್ರೇನ್. ಅನ್‌ಡ್ರೈನ್ಡ್ (ನೀರು ಹೊರಬಿಡದ) ಪರೀಕ್ಷೆಯಲ್ಲಿ ರಂಧ್ರದ ನೀರಿನ ಒತ್ತಡ ಅಳೆಯಬೇಕು ಅಂದರೆ ಸ್ಯಾಂಪಲ್ ಪೂರ್ತಿ ನೀರು ಕುಡಿದಿರಬೇಕು. ಅದನ್ನು ತೋರಿಸುವ ಸ್ಕೆಂಪ್ಟನ್ನರ ಬಿ ಬೆಲೆ, ಅಂದರೆ ಹೊರಗೆ ಏರಿಸಿದ ಒತ್ತಡದಲ್ಲಿ ಒಳಗಿನ ನೀರಿಗೆ ಬಂದ ಪಾಲು, 0.95 ದಾಟಬೇಕು. ನಮ್ಮ ಮಣ್ಣಿನಲ್ಲಿ ಅದು 0.8 ಹತ್ತಿರ ಬಂದು ಮೊಂಡು ಹಿಡಿದು ಕೂರುತ್ತಿತ್ತು. ಬ್ಯಾಕ್ ಪ್ರೆಶರ್ (ಒಳಗಿನ ಗಾಳಿ ಕರಗಲಿ ಅಂತ ನೀರಿಗೆ ಕೊಡುವ ಒತ್ತಡ) ಸ್ವಲ್ಪ ಏರಿಸು, ಕಾಯಿ, ಮತ್ತೆ ನೋಡು. ಇಷ್ಟೆಲ್ಲ ಆಗಿ ಶಿಯರ್, ಅಂದರೆ ಮಣ್ಣು ಸೋಲುವವರೆಗೆ ಒತ್ತುವುದು, ಶುರುಮಾಡಿದ ಮೇಲೆ ಕರೆಂಟ್ ಹೋದರೆ ಲೋಡ್ ಫ್ರೇಮಿನ ಮೋಟರ್ ನಿಲ್ಲುತ್ತೆ, ಆ ಸ್ಯಾಂಪಲ್ ಕೆಲಸಕ್ಕೆ ಬರಲ್ಲ. ಈಡೋಮೀಟರ್ ಭಾರದ ಸನ್ನೆಕೋಲು, ಅದಕ್ಕೆ ಕರೆಂಟಿನ ಹಂಗಿಲ್ಲ. ಯುಪಿಎಸ್ ಮೇಲೆ ಮಷೀನು ಇಲ್ಲದಿದ್ದರೆ ನಿರ್ವಹಣೆಗೆ ಕರೆಂಟ್ ತೆಗೆಯುವ ದಿನ ಪತ್ರಿಕೆಯಲ್ಲಿ ಮೊದಲೇ ನೋಡಿಕೊಳ್ಳಿ. ಮೆಂಬ್ರೇನ್ ಕೂಡ ತಲೆನೋವೇ. ಒಂದೊಂದಕ್ಕೆ ನೂರಾರು ರೂಪಾಯಿ, ಹರಿದರೆ ಮುಗೀತು, ತರಿಸಲು ಕಾಲೇಜಿನ ಖರೀದಿ ಕಡತ ಮೇಜಿನಿಂದ ಮೇಜಿಗೆ ತೆವಳುತ್ತೆ. ನಾವು ಕೊನೆಗೆ ಕೈಯಿಂದಲೇ ದುಡ್ಡು ಹಾಕಿ ತರಿಸಿದೆವು.

ಎರಡನೇ ಸೆಮಿಸ್ಟರಿನ ಫೌಂಡೇಶನ್ ಎಂಜಿನಿಯರಿಂಗ್ ನನಗೆ ಹಗುರಾಯಿತು, ಸೈಟಿನ ಅನುಭವ ಇತ್ತಲ್ಲ. ಬೇರಿಂಗ್ ಕೆಪಾಸಿಟಿಗೆ (ಮಣ್ಣು ಹೊರಬಲ್ಲ ಭಾರಕ್ಕೆ) ಐಎಸ್ 6403, ಪೈಲ್‌ಗೆ (ನೆಲದಾಳಕ್ಕೆ ಇಳಿಸುವ ಕಂಬಕ್ಕೆ) ಐಎಸ್ 2911. ಈ ಮಾನದಂಡಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಡಿ, ಬಿಐಎಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗುತ್ತವೆ. ಎನ್‌ಪಿಟೆಲ್ ಜಾಲತಾಣದ ಐಐಟಿ ಪಾಠಗಳೂ ಪುಕ್ಕಟೆಯೇ. ನನಗೆ ಹಿಡಿಸಿದ್ದು ಅಂಡರ್‌ರೀಮ್ಡ್ ಪೈಲ್. ಪೈಲಿನ ಕೆಳಗೆ ಕಾಂಡದ ಎರಡೂವರೆ ಪಟ್ಟು ಅಗಲದ ಗೆಡ್ಡೆ ಬಿಡಿಸಿ, ಮಳೆ ಬಿಸಿಲಿಗೆ ಅಲುಗಾಡದ ಆಳದಲ್ಲಿ ಮನೆಯನ್ನು ಊರಿಬಿಡುವ ಉಪಾಯ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ಇದನ್ನು ನಮ್ಮಂಥ ಎರಿ ಭೂಮಿಗಾಗಿಯೇ ಬೆಳೆಸಿತು. ಇನ್ನೊಂದು, ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರ ಸಿಎನ್‌ಎಸ್ ಪದರ. ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಜಿಗುಟಿರುವ ಮಣ್ಣನ್ನು ದಪ್ಪಕ್ಕೆ ಹಾಸಿ ಬಡಿದರೆ ಕೆಳಗಿನ ಉಬ್ಬುವಿಕೆ ಹತೋಟಿಗೆ ಬರುತ್ತೆ. ಮಲಪ್ರಭಾ ಕಾಲುವೆಗಳಲ್ಲಿ ಇದನ್ನು ಬಳಸಿದ್ದಾರೆ. ಪಠ್ಯದಲ್ಲಿ ಎಲ್ಲೆಲ್ಲಿಯ ಊರುಗಳ ಹೆಸರು ಓದಿ ಓದಿ, ಒಮ್ಮೆಲೇ ಮಲಪ್ರಭಾ ಅಂತ ಕಂಡಾಗ ಖುಷಿಯಾಯಿತು.

ಸ್ಕಾಲರ್‌ಶಿಪ್ ಇಷ್ಟರವರೆಗೂ ಬಂದಿರಲಿಲ್ಲ. ಕಾಲೇಜು ಐಡಿ ಸೃಷ್ಟಿಸಬೇಕು, ನಾವು ಕಾಗದ ಏರಿಸಬೇಕು, ಅವರು ಒಪ್ಪಬೇಕು, ಪ್ರತಿ ತಿಂಗಳು ಹಾಜರಾತಿ ಹಾಕಬೇಕು. ಇದರಲ್ಲಿ ಒಂದು ಕೊಂಡಿ ತಪ್ಪಿದರೆ ಆ ತಿಂಗಳದ್ದು ನಿಂತಿತು. ಬಂದಾಗ ಹಲವು ತಿಂಗಳದ್ದು ಒಟ್ಟಿಗೇ ಬಂತು. ಅಲ್ಲಿಯವರೆಗೆ ರೂಮು ಬಾಡಿಗೆ ಹಳೆಯ ಉಳಿತಾಯದಲ್ಲಿ ನಡೆಯಿತು. ಮೊದಲ ಅರ್ಧ ವರ್ಷದ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಬನ್ನಿ.

ಪ್ರಾಜೆಕ್ಟಿಗೆ ಎರಿ ಮಣ್ಣು ಮತ್ತು ಸುಣ್ಣ ತಗೊಂಡೆ, ಸುಣ್ಣ ಕಲಸಿ ಉಬ್ಬು ತಗ್ಗಿಸುವುದು. ಹಾರುಬೂದಿ, ಸಿಬಿಆರ್ (ರಸ್ತೆ ಕೆಲಸಕ್ಕೆ ಮಣ್ಣಿನ ಬಲ ನೋಡುವ ಪರೀಕ್ಷೆ) ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರು ಮಾಡುತ್ತಾರೆ. ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರ ಹತ್ತಿರವೇ ಇದೆ, ಬೂದಿ ಸಿಗುತ್ತೆ, ಬೇಗ ಮುಗಿಯುತ್ತೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಆದರೆ ಓದಿದ್ದೆಲ್ಲ ಸ್ಟ್ರೆಸ್ ಪಾತ್ ಆಗಿ ಕೊನೆಗೆ ಸಿಬಿಆರ್ ಒಂದೇ ಮಾಡಿ ಎದ್ದುಬರುವುದು ಮನಸ್ಸಿಗೆ ಬರಲಿಲ್ಲ.

ಮಣ್ಣು ನಮ್ಮ ಹೊಲದ್ದೇ, ಬಸವನ ಬಾಗೇವಾಡಿ ಕಡೆ. ಇಲ್ಲೊಂದು ಪೇಚು ಇದೆ. ಬೇಸಿಗೆಯಲ್ಲಿ ಎರಿ ಹೊಲ ಕೈ ಹೋಗುವಷ್ಟು ಬಿರಿದಿರುತ್ತೆ, ಆಗ ಇಡಿಯಾದ ಸ್ಯಾಂಪಲ್ ಬರಲ್ಲ. ಮಳೆಯಲ್ಲಿ ಕಾಲೇ ಇಡಲಾಗಲ್ಲ. ಮಣ್ಣು ಹದವಾಗಿ ಇರುವುದು ಮಳೆ ನಿಂತ ಮೇಲೆ, ಆದರೆ ಆಗ ಹೊಲದ ತುಂಬ ಹಿಂಗಾರಿ ಜೋಳ. ಅಪ್ಪ ಒಡ್ಡಿನ ಪಕ್ಕ ಜಾಗ ತೋರಿಸಿ, 'ಜ್ವಾಳದಾಗ ಒಂದ್ ಹೆಜ್ಜಿ ಇಟ್ಟಿ ಅಂದ್ರ ನೋಡು' ಅಂದರು. ಆಮೇಲೆ ಅವರೇ ಸಲಿಕೆ ತಗೊಂಡು ಗುಂಡಿಗೆ ಇಳಿದರು. ಒಂದೂವರೆ ಮೀಟರ್ ಕೆಳಗೆ ಮಣ್ಣು ಮೇಲಿನದಕ್ಕಿಂತ ತಂಪಾಗಿ, ಮಿರಮಿರ ಮಿಂಚುವ ನುಣುಪು ಮೈಗಳಾಗಿ ಬಿಚ್ಚಿಕೊಳ್ಳುತ್ತಿತ್ತು. ಉಬ್ಬುವಾಗ ಮಣ್ಣು ಮಣ್ಣನ್ನೇ ಉಜ್ಜಿ ಆದ ಹೊಳಪು ಅದು, ಪುಸ್ತಕದಲ್ಲಿ ಸ್ಲಿಕನ್‌ಸೈಡ್ ಅಂತ ಓದಿದ್ದೆ. ಅಪ್ಪ ಒಂದು ಹೆಂಟೆ ಎತ್ತಿ ನೋಡಿ, 'ಇದನ್ನ ಓದಾಕ ಎರಡ್ ವರ್ಷ ಬೇಕೇನವಾ? ನನ್ನ ಕೇಳಿದ್ರ ಹೇಳತಿದ್ನಿಲ್ಲ' ಅಂದರು.

ಕೊಳವೆಗಳ ಎರಡೂ ಬಾಯಿಗೆ ಮೇಣ ಕರಗಿಸಿ ಹೊಯ್ದು, ಗೋಣಿಚೀಲ ಸುತ್ತಿ ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಒಳಗೇನು ಅಂತ ಕೇಳಿದರು. ಮಣ್ಣು ಅಂದೆ. 'ಮಣ್ಣಿಗಿ ಟಿಕೆಟ್ ತಗಸ್ತೀರೇನ್ರಿ ಅಕ್ಕಾರ' ಅಂತ ನಕ್ಕು ಲಗೇಜ್ ಚೀಟಿ ಹರಿದರು. ಕೊಳವೆಯನ್ನು ಕಾಲಬಳಿ ಇಡಬೇಡಿ, ನಮ್ಮ ರಸ್ತೆಗಳ ಕುಲುಕಾಟಕ್ಕೆ ಸ್ಯಾಂಪಲ್ ಕದಡುತ್ತೆ. ತೊಡೆಯ ಮೇಲೇ ಇಟ್ಟುಕೊಳ್ಳಿ, ಭಾರ ಆದರೂ.

ಸುಣ್ಣದ ವಿಷಯ. ಎಷ್ಟು ಸುಣ್ಣ ಬೇಕು ಅನ್ನುವುದಕ್ಕೆ 1966ರ ಈಡ್ಸ್ ಮತ್ತು ಗ್ರಿಮ್ ವಿಧಾನ ಇದೆ, ಮಣ್ಣು ನೀರು ಸುಣ್ಣದ ಮಿಶ್ರಣದ ಪಿಎಚ್ 12.4 ಮುಟ್ಟುವ ಕನಿಷ್ಠ ಪ್ರಮಾಣ ಹುಡುಕುವುದು. ಒಂದು ಗಂಟೆಯ ಕೆಲಸ, ಇಡೀ ಎಂ.ಟೆಕ್‌ನಲ್ಲಿ ಬೇಗ ಮುಗಿದ ಪರೀಕ್ಷೆ ಇದೊಂದೇ ಇರಬೇಕು! ಸುಣ್ಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಿ, ತೆರೆದಿಟ್ಟರೆ ಕಾರ್ಬೊನೇಟ್ ಆಗಿ ಸತ್ವ ಹೋಗುತ್ತೆ. ಕಲಸಿದ ಸ್ಯಾಂಪಲ್‌ಗಳನ್ನು 7, 14, 28 ದಿನ ಒಣಗದಂತೆ ಇಟ್ಟು ಪರೀಕ್ಷೆ ಮಾಡಬೇಕು. ಈ ಮೂರೂ ಏಳರ ಮಗ್ಗಿಯವು, ಸೋಮವಾರ ಮಾಡಿದ ಸ್ಯಾಂಪಲ್ ಸೋಮವಾರವೇ ಪರೀಕ್ಷೆಗೆ ಬರುತ್ತೆ, ಭಾನುವಾರದ ಚಿಂತೆ ಇಲ್ಲ. ಹಬ್ಬಗಳನ್ನು ಮಾತ್ರ ಕ್ಯಾಲೆಂಡರಿನಲ್ಲಿ ನೋಡಿಕೊಂಡು ಕಲಸಿ. ಮಷೀನು ಒಂದೇ, ಬೇಕಾದವರು ಹಲವರು, ಅದಕ್ಕೆ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿ ಹೆಸರು ಬರೆದಿಡಿ. ಆ ಪಟ್ಟಿ ಇಲ್ಲದೆ ನಮ್ಮ ಬ್ಯಾಚಿನಲ್ಲಿ ಮಾತು ಬಿಡುವಷ್ಟು ಜಗಳ ಆಗಿದೆ.

ನಡುವೆ ಒಂದು ಕಾಲ ಬಂತು, ಏನೂ ಮುಂದೆ ಹೋಗದ ಕಾಲ. ಸ್ಯಾಂಪಲ್ ಚೀಲದಲ್ಲಿ, ಮೆಂಬ್ರೇನ್ ಕೊರಿಯರ್‌ನಲ್ಲಿ, ಸ್ಕಾಲರ್‌ಶಿಪ್ ಕಂಪ್ಯೂಟರಿನಲ್ಲಿ. ಜೊತೆಗೆ ಕೆಲಸ ಮಾಡಿದವರು ಸೈಟ್ ಇನ್‌ಚಾರ್ಜ್ ಆಗಿದ್ದರು, ನಾನು ಡಯಲ್ ಗೇಜ್ ನೋಡುತ್ತಾ ಕೂತಿದ್ದೆ. ಅಳು ಬರುತ್ತಿತ್ತು ಕೆಲವೊಮ್ಮೆ. ಆ ದಿನಗಳಲ್ಲೇ ಥೀಸಿಸ್‌ನ ಮೊದಲ ಅಧ್ಯಾಯಗಳನ್ನು ಬರೆದು ಮುಗಿಸಿದ್ದು ಕೊನೆಗೆ ಉಳಿಸಿತು. ಹೊರಗಿನ ಸಂಸ್ಥೆಯಲ್ಲಿ ಎಕ್ಸ್‌ಆರ್‌ಡಿ (ಖನಿಜ ಗುರುತಿಸಲು), ಎಸ್‌ಇಎಂ (ಸೂಕ್ಷ್ಮ ಚಿತ್ರಕ್ಕೆ) ಮಾಡಿಸಬೇಕಿದ್ದರೆ ಅದನ್ನೂ ಆಗಲೇ ಕಳಿಸಿ. ಪ್ರತಿ ಸ್ಯಾಂಪಲ್‌ಗೆ ಸಾವಿರದ ಮೇಲೆ ಹೋಗುತ್ತೆ, ಸರದಿಯೂ ಉದ್ದ.

ಥೀಸಿಸ್ ಸಲ್ಲಿಸುವಾಗ ಕೃತಿಚೌರ್ಯ ತಪಾಸಣೆ ಇರುತ್ತೆ. ಐಎಸ್ ಕೋಡಿನ ವಿಧಾನವನ್ನು ಹಾಗೇ ಇಳಿಸಿದರೆ ಅದೂ ನಕಲು ಅಂತ ಕೆಂಪಾಗಿ ತೋರಿಸುತ್ತೆ. ವಿಧಾನಕ್ಕೆ ಕೋಡಿನ ನಂಬರ್ ಕೊಟ್ಟು, ನೀವು ಮಾಡಿದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಗ್ರಾಫ್‌ಗಳನ್ನು ಕಪ್ಪು ಬಿಳುಪಿನಲ್ಲೂ ಗುರುತು ಸಿಗುವಂತೆ ಮಾಡಿ, ಬಣ್ಣದ ಪುಟಗಳ ಬಿಲ್ಲು ನೋಡಿದರೆ ಎದೆ ಝಲ್ ಅನ್ನುತ್ತೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಸೂತ್ರ ಕೇಳಲೇ ಇಲ್ಲ. 'ನಿಮ್ಮ ಮಣ್ಣಿನಲ್ಲಿ ಸಲ್ಫೇಟ್ ಎಷ್ಟಿದೆ' ಅಂತ ಶುರುಮಾಡಿದರು. ಸಲ್ಫೇಟ್ ಇರುವ ಮಣ್ಣಿಗೆ ಸುಣ್ಣ ಹಾಕಿದರೆ ಎಟ್ರಿಂಜೈಟ್ ಅನ್ನೋ ಹರಳು ಬೆಳೆದು, ತಗ್ಗಬೇಕಾದ ಉಬ್ಬು ಇನ್ನೂ ಏರಬಹುದು. ನಮ್ಮ ಗೈಡ್ ಹಟ ಹಿಡಿದು ಆ ಪರೀಕ್ಷೆ ಮಾಡಿಸಿದ್ದರಿಂದ ಸಂಖ್ಯೆ ಕೈಯಲ್ಲೇ ಇತ್ತು. ಆಮೇಲೆ, ಬಿ ಬೆಲೆ ಹೇಗೆ ಮುಟ್ಟಿಸಿದಿರಿ, ಶಿಯರ್ ವೇಗ ಯಾವ ಲೆಕ್ಕದಿಂದ ತಗೊಂಡಿರಿ ಅಂತ ಕೇಳಿದರು. ಲ್ಯಾಬಿನ ಕಚ್ಚಾ ನೋಟ್‌ಬುಕ್ ಮುಂದೆ ಇಟ್ಟೆ. ಮಣ್ಣು ಮೆತ್ತಿದ ಪುಟಗಳನ್ನು ಥೀಸಿಸ್‌ಗಿಂತ ಹೆಚ್ಚು ಹೊತ್ತು ಅವರು ತಿರುವಿದರು. ಆ ನೋಟ್‌ಬುಕ್ ಎಸೆಯಬೇಡಿ, ಚೊಕ್ಕ ಮಾಡಿ ಬೇರೆ ಬರೆಯಲೂ ಬೇಡಿ.

ಈಗ ಪ್ರೊವಿಜನಲ್‌ಗೆ ಅರ್ಜಿ ಹಾಕಿದ್ದೇನೆ. ಅದಕ್ಕೂ ಮೊದಲು ಗ್ರಂಥಾಲಯ, ಲ್ಯಾಬು, ಅಕೌಂಟ್ಸ್ ಎಲ್ಲ ಕಡೆ ನೋ ಡ್ಯೂ ಸಹಿ ಬೇಕು. ಒಡೆದ ಗಾಜಿನ ಜಾರು ನಿಮ್ಮ ಹೆಸರಿಗೆ ಬರೆದಿದ್ದರೆ ಅಲ್ಲೇ ದುಡ್ಡು ಕಟ್ಟಿ ಮುಗಿಸಿಕೊಳ್ಳಿ. ಈ ವರ್ಷ ಬಾಗಲಕೋಟೆಗೆ ಬರುವವರು ಯಾರಾದರೂ ಇದ್ದರೆ, ಉಳಿದ ಮೆಂಬ್ರೇನ್ ಪೊಟ್ಟಣ ಮತ್ತು ಅತ್ತಿ ಕೊಟ್ಟ ಎಣ್ಣೆಯಲ್ಲಿ ಮಿಕ್ಕಿದ್ದನ್ನು ಲ್ಯಾಬಿನ ಕಾಕಾ ಹತ್ತಿರ ಬಿಟ್ಟಿದ್ದೇನೆ, ಕೇಳಿ ಇಸ್ಕೊಳ್ಳಿ.